ಫ್ಯಾಂಟಮ್ ಪಟ್ಟಿಯ ಮೇಲಿನ ಬಿಳಿ ತೇಪೆ

ಪ್ರಶ್ನೆ: ನನಗೆ ಈಗ 58 ವರ್ಷ, ಊರು ಶಿವಮೊಗ್ಗ. ಫ್ಯಾಂಟಮ್, ಮಾಂಡ್ರೇಕ್ ಎಂಬ ಅಮೆರಿಕದ ಚಿತ್ರಕತೆಗಳನ್ನು ಓದಿಕೊಂಡೇ ಬೆಳೆದವನು. ಅವನ್ನು ನಮ್ಮಲ್ಲಿ ಪುಸ್ತಕವಾಗಿ ತರುತ್ತಿದ್ದ ಇಂದ್ರಜಾಲ ಕಾಮಿಕ್ಸ್ ಒಂದು ಟ್ರಂಕಿನ ತುಂಬ ಇನ್ನೂ ಇಟ್ಟುಕೊಂಡಿದ್ದೇನೆ. ಪತ್ರಿಕೆಗಾಗಿ ಕಲಾವಿದರು ಕೈಯಲ್ಲಿ ಬರೆದ ಅಸಲಿ ಹಾಳೆಗಳೇ ಮಾರಾಟಕ್ಕೆ ಸಿಗುತ್ತವೆ ಎಂದು ಈಚೆಗೆ ಗೊತ್ತಾಯಿತು. ಒಬ್ಬ ಮಾರಾಟಗಾರರು ಎರಡರ ಫೋಟೊ ಕಳಿಸಿದ್ದಾರೆ. ಒಂದು, ಕಲಾವಿದ ಸೈ ಬ್ಯಾರಿ ಸಹಿ ಇರುವ 1970ರ ದಶಕದ ಫ್ಯಾಂಟಮ್ ಪಟ್ಟಿ, ಅಂದರೆ ಪತ್ರಿಕೆಯಲ್ಲಿ ಚೌಕಗಳ ಸಾಲಾಗಿ ಬರುವ ಚಿತ್ರಕತೆ. ಬೆಲೆ 55 ಸಾವಿರ. ಆದರೆ ಸ್ಥಿತಿ ಸರಿಯಿಲ್ಲ. ಮಾತಿನ ಗುಳ್ಳೆಯ ಹತ್ತಿರ ಬಿಳಿ ಬಣ್ಣ ಬಳಿದಿದ್ದಾರೆ, ಹಳದಿ ಅಂಟಿನ ಕಲೆ ಇದೆ, ಅಲ್ಲಲ್ಲಿ ತಿಳಿನೀಲಿ ಪೆನ್ಸಿಲ್ ಗೀರು. ಇನ್ನೊಂದು, 1938ರಲ್ಲಿ ರೇ ಮೂರ್ ಬರೆದ ದಿನದ ಪಟ್ಟಿಯಂತೆ. ಬಣ್ಣ ತುಂಬಿದೆ, ಫ್ರೇಮ್ ಹಾಕಿದೆ, ಒಂದು ಕಲೆಯೂ ಇಲ್ಲ. ಗುಳ್ಳೆಯೊಳಗಿನ ಇಂಗ್ಲಿಷ್ ಮಾತಿನಲ್ಲಿ ‘ಡೆಂಕಾಲಿ’ಯ ಹೆಸರೂ ಇದೆ, ನೋಡಿ ಖುಷಿಯಾಯಿತು. ಬೆಲೆ 90 ಸಾವಿರ. ದುಡ್ಡು ಜಾಸ್ತಿಯಾದರೂ ಎರಡನೆಯದನ್ನೇ ಕೊಳ್ಳೋಣ ಅನ್ನಿಸಿದೆ. ಏನಂತೀರಿ? ಕೊಂಡ ಮೇಲೆ ಕಾಪಾಡುವುದು ಹೇಗೆ?

ಉತ್ತರ: ಎರಡನೆಯದನ್ನು ಮುಟ್ಟಬೇಡಿ. ಮುಂಗಡ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.

ನಿಮಗೆ ಖುಷಿ ಕೊಟ್ಟ ಆ ‘ಡೆಂಕಾಲಿ’ಯೇ ಅದನ್ನು ಹಿಡಿದುಕೊಟ್ಟಿದೆ. ಫ್ಯಾಂಟಮ್ ಕತೆ ಕಟ್ಟಿದ ಲೀ ಫಾಕ್ ಅದರಲ್ಲಿ ಫ್ಯಾಂಟಮ್‌ನ ನಾಡಿಗೆ ಇಟ್ಟ ಹೆಸರು ಬೆಂಗಾಲ್ಲ, ಬಂಗಾಲ್ಲ ಎಂಬ ಜಾತಿಯದು. ನಮ್ಮಲ್ಲಿ ಬಂಗಾಳ ಅಂತ ನಿಜವಾದ ರಾಜ್ಯವೇ ಇದೆಯಲ್ಲ! ಹಾಗಾಗಿ ಇಂದ್ರಜಾಲದವರು ಅದನ್ನು ಡೆಂಕಾಲಿ ಮಾಡಿದರು. ಫ್ಯಾಂಟಮ್ ಶತ್ರುಗಳಾದ ಸಿಂಗ್ ಕಡಲುಗಳ್ಳರು ‘ಸಿಂಗಾ’ ಆಗಿದ್ದೂ ಹೀಗೆಯೇ. ಇಂದ್ರಜಾಲ ಕಾಮಿಕ್ಸ್ ಶುರುವಾಗಿದ್ದು 1964ರ ಮಾರ್ಚ್‌ನಲ್ಲಿ. 1938ರಲ್ಲಿ ಅಮೆರಿಕದಲ್ಲಿ ಕೂತು ಬರೆಯುತ್ತಿದ್ದ ರೇ ಮೂರ್ ಹಾಳೆಯ ಮೇಲೆ ಆ ಪದ ಬರುವುದಾದರೂ ಹೇಗೆ? ನಮ್ಮ ಕಡೆಯ ಯಾವುದೋ ಮುದ್ರಿತ ಪುಟವನ್ನು ಮುಂದಿಟ್ಟುಕೊಂಡು ಯಾರೋ ನಕಲು ಮಾಡಿದ್ದಾರೆ. ಇಲ್ಲವೇ ಮುದ್ರಿತ ಪುಟವನ್ನೇ ದೊಡ್ಡದು ಮಾಡಿ ದಪ್ಪ ಕಾಗದಕ್ಕೆ ಪ್ರಿಂಟ್ ತೆಗೆದಿದ್ದಾರೆ.

ಬಣ್ಣವೂ ಅದೇ ಹೇಳುತ್ತದೆ. ವಾರದ ದಿನಗಳಲ್ಲಿ ಬರುತ್ತಿದ್ದ ಪಟ್ಟಿ, ಅಂದರೆ ಡೈಲಿ, ಅಚ್ಚಾಗುತ್ತಿದ್ದದ್ದು ಕಪ್ಪು ಬಿಳುಪಿನಲ್ಲಿ. ಕಲಾವಿದ ಬಣ್ಣ ಹಾಕುವ ಪ್ರಮೇಯವೇ ಇರಲಿಲ್ಲ. ಭಾನುವಾರದ ಬಣ್ಣದ ಪುಟವಿತ್ತಲ್ಲ, ಅದರ ಮೂಲಚಿತ್ರ ಕೂಡ ಬರೀ ಕಪ್ಪು ಶಾಯಿಯದು. ಯಾವ ಜಾಗಕ್ಕೆ ಯಾವ ಬಣ್ಣ ಎಂದು ತೋರಿಸಲು ಚಿತ್ರದ ಒಂದು ಪ್ರತಿ ತೆಗೆದು ಅದರ ಮೇಲೆ ಜಲವರ್ಣ ಹಚ್ಚುತ್ತಿದ್ದರು. ಅದನ್ನು ಕಲರ್ ಗೈಡ್ ಅನ್ನುತ್ತಾರೆ. ಅದೂ ಮಾರಾಟಕ್ಕೆ ಬರುತ್ತದೆ, ನೋಡಲಿಕ್ಕೂ ಚೆಂದ. ಆದರೆ ಮೂಲಚಿತ್ರವಲ್ಲ. ಫ್ಯಾಂಟಮ್ ಉಡುಪು ಒಂದೊಂದು ದೇಶದಲ್ಲಿ ಒಂದೊಂದು ಬಣ್ಣ ಆಗಿದ್ದಕ್ಕೆ ಕಾರಣ ಇಲ್ಲೇ ಇದೆ. ಫಾಕ್ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಪುಟ ಶುರುವಾದಾಗ ಅಮೆರಿಕದಲ್ಲಿ ಅದು ನೇರಳೆಯಾಯಿತು. ಸ್ವೀಡನ್‌ನವರಿಗೆ ಅವನು ನೀಲಿ, ಇಟಲಿಯವರಿಗೆ ಕೆಂಪು. ಮೂಲ ಹಾಳೆಯಲ್ಲಿ ಬಣ್ಣವೇ ಇಲ್ಲದಾಗ ಅಚ್ಚು ಹಾಕುವವನು ತುಂಬಿದ್ದೇ ಬಣ್ಣ.

ಕೆಲವೊಮ್ಮೆ ಕಲಾವಿದರು ಅಭಿಮಾನಿಗೆ ಕೊಡುವಾಗ ಪಟ್ಟಿಗೆ ತಾವೇ ಬಣ್ಣ ಹಚ್ಚಿ ಕೊಟ್ಟದ್ದುಂಟು. ಅಂಥದ್ದರ ಮೇಲೆ ಸಾಮಾನ್ಯವಾಗಿ ‘ಇಂಥವರಿಗೆ ಪ್ರೀತಿಯಿಂದ’ ಎಂಬ ಸಾಲು ಇರುತ್ತದೆ. ನೀವು ಹೇಳಿದ ಎರಡನೆಯದರಲ್ಲಿ ಅದರ ಸುಳಿವೂ ಇಲ್ಲ.

ಈಗ ಮೊದಲನೆಯದಕ್ಕೆ ಬರೋಣ. ನೀವು ಕೊರತೆ ಅಂತ ಬರೆದಿರುವ ಮೂರೂ ಗುರುತುಗಳನ್ನು ಓದಿ ನನ್ನ ಕಿವಿ ನೆಟ್ಟಗಾಯಿತು. ಬಿಳಿ ತೇಪೆ, ಹಳದಿ ಅಂಟು, ನೀಲಿ ಗೀರು ಇವು ಹಾಳಾದ ಗುರುತಲ್ಲ, ಕೆಲಸ ಮಾಡಿದ ಗುರುತು. ಈ ಹಾಳೆಗಳನ್ನು ಗೋಡೆಗೆ ತೂಗುಹಾಕಲು ಯಾರೂ ಬರೆದಿರಲಿಲ್ಲ. ಕ್ಯಾಮೆರಾ ಮುಂದೆ ಒಮ್ಮೆ ನಿಂತರೆ ಸಾಕಿತ್ತು. ಬಡಗಿಯ ಮನೆಯ ಹಲಗೆಯ ಮೇಲೆ ಉಳಿಯ ಗಾಯ ಇರುತ್ತದೆ, ಅಲ್ವಾ? ಹಾಗೆ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಬ್ರಿಸ್ಟಲ್ ಬೋರ್ಡ್ ಎಂಬ ನುಣುಪಾದ ದಪ್ಪ ಕಾಗದ ತೆಗೆದುಕೊಂಡು ಮೊದಲು ಚೌಕ ಎಳೆಯುವುದು. ಪೆನ್ಸಿಲ್‌ನಲ್ಲಿ ಚಿತ್ರದ ಅಂದಾಜು. ಆಮೇಲೆ ಅಕ್ಷರ. ಅಕ್ಷರಕ್ಕೆ ಬೇರೆಯವರೇ ಇರುತ್ತಿದ್ದದ್ದುಂಟು. ಅದಾದ ಮೇಲೆ ಇಂಡಿಯಾ ಇಂಕಿನಲ್ಲಿ ನಿಬ್ಬು ಮತ್ತು ಬ್ರಷ್. ಒಣಗಿದ ಮೇಲೆ ಪೆನ್ಸಿಲ್ ಅಳಿಸುವುದು. ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಹಾಳೆಯನ್ನು ಓರೆಯಾಗಿ ಹಿಡಿದರೆ ಶಾಯಿಯ ಪಕ್ಕದಲ್ಲಿ ಬೂದು ಗೆರೆಯ ನೆರಳು ಕಾಣುತ್ತದೆ. ಕೆಲವರು ತಿಳಿನೀಲಿ ಪೆನ್ಸಿಲ್‌ನಲ್ಲೇ ಬರೆಯುತ್ತಿದ್ದರು. ಅಚ್ಚಿನ ಬ್ಲಾಕ್ ಮಾಡಲು ಬಳಸುತ್ತಿದ್ದ ಫಿಲ್ಮಿನ ಕಣ್ಣಿಗೆ ತಿಳಿನೀಲಿ ಕಾಣುತ್ತಿರಲಿಲ್ಲ, ಬಿಳಿಯಾಗಿಯೇ ಹೋಗುತ್ತಿತ್ತು. ಅಳಿಸುವ ತಾಪತ್ರಯವೇ ಇಲ್ಲ. ಮುದ್ರಣಾಲಯಕ್ಕೆ ಸೂಚನೆ ಬರೆಯುವುದೂ ನೀಲಿಯಲ್ಲೇ.

ತಪ್ಪಾದರೆ ಹೊಸ ಹಾಳೆ ತೆಗೆದುಕೊಳ್ಳುವಷ್ಟು ಸಮಯ ಯಾರಿಗಿತ್ತು? ವಾರಕ್ಕೆ ಆರು ಡೈಲಿ, ಜೊತೆಗೆ ಭಾನುವಾರದ ಪುಟ, ವರ್ಷಪೂರ್ತಿ. ಮೂಗು ಸೊಟ್ಟಗಾದರೆ ಬಿಳಿ ಬಣ್ಣ ಬಳಿದು ಮೇಲೆಯೇ ಇನ್ನೊಂದು ಮೂಗು. ಇಡೀ ಮುಖ ಕೆಟ್ಟರೆ ಬೇರೆ ಕಾಗದದಲ್ಲಿ ಬರೆದು ಕತ್ತರಿಸಿ ಅಂಟಿಸುವುದು. ಸಂಪಾದಕರು ಮಾತು ಬದಲಿಸಿದರೆ ಗುಳ್ಳೆಯ ಮೇಲೆ ಹೊಸ ಚೀಟಿ. ಆಗ ಬಳಸುತ್ತಿದ್ದ ರಬ್ಬರ್ ಸಿಮೆಂಟ್ ಅಂಟು ವರ್ಷ ಕಳೆದಂತೆ ಹಳದಿಯಾಗಿ, ಕಂದಾಗಿ, ಕೊನೆಗೆ ಬಿಟ್ಟುಕೊಳ್ಳುತ್ತದೆ. ನಿಮ್ಮ ಫೋಟೊದ ಹಳದಿ ಕಲೆ ಎಲ್ಲಿದೆ ನೋಡಿ. ಗುಳ್ಳೆಯ ಸುತ್ತ ಇದ್ದರೆ ಅಲ್ಲಿದ್ದ ಚೀಟಿ ಬಿದ್ದಿದೆ. ಎರಡು ಚೌಕದ ನಡುವೆ ಸಣ್ಣ ಆಯತದ ಆಕಾರದಲ್ಲಿದ್ದರೆ ಅದು ಕಾಪಿರೈಟ್ ಚೀಟಿಯ ಜಾಗ. ಪಟ್ಟಿಗಳನ್ನು ಪತ್ರಿಕೆಗಳಿಗೆ ಹಂಚುವ ಸಂಸ್ಥೆಯಾದ ಕಿಂಗ್ ಫೀಚರ್ಸ್ ಸಿಂಡಿಕೇಟ್‌ನ ಹೆಸರು, ವರ್ಷ ಅಚ್ಚು ಹಾಕಿದ ಸಣ್ಣ ಚೀಟಿಯನ್ನು ಅಲ್ಲಿ ಅಂಟಿಸುತ್ತಿದ್ದರು.

ಬೂದು ಛಾಯೆಗೂ ಒಂದು ಕತೆಯಿದೆ. ಕಪ್ಪು ಶಾಯಿಯಿಂದ ಬೂದು ಬರುವುದಿಲ್ಲ. ಅದಕ್ಕೆ ಚುಕ್ಕಿ ಅಚ್ಚಾದ ಅಂಟು ಫಿಲ್ಮ್ ಕತ್ತರಿಸಿ ಚಿತ್ರದ ಮೇಲೆ ಕೂರಿಸುತ್ತಿದ್ದರು. ಜಿಪಟೋನ್ ಅಂತ ಅದರ ಹೆಸರು. ಅದು ಈಗ ಕುಗ್ಗಿ, ಹಳದಿಯಾಗಿ, ಅಂಚು ಮೇಲೆದ್ದಿರುತ್ತದೆ. ಕಲಾವಿದ ರಾಯ್ ಕ್ರೇನ್ 1943ರಲ್ಲಿ ಶುರು ಮಾಡಿದ ಪಟ್ಟಿ ಬಜ್ ಸಾಯರ್‌ನಲ್ಲಿ ಬಳಸಿದ್ದು ಇನ್ನೂ ಮಜವಾದದ್ದು. ಕ್ರಾಫ್ಟಿಂಟ್ ಎಂಬ ಕಾಗದದಲ್ಲಿ ಕಣ್ಣಿಗೆ ಕಾಣದ ಗೆರೆಗಳು ಮೊದಲೇ ಅಚ್ಚಾಗಿರುತ್ತಿದ್ದವು. ಒಂದು ದ್ರಾವಣ ಸವರಿದರೆ ಒಂದು ದಿಕ್ಕಿನ ಗೆರೆ ಮೇಲೆ ಬರುತ್ತದೆ, ಇನ್ನೊಂದು ಸವರಿದರೆ ಅಡ್ಡಗೆರೆಯೂ ಸೇರಿ ಛಾಯೆ ಗಾಢವಾಗುತ್ತದೆ. ಕ್ರೇನ್ ಅದರಲ್ಲಿ ಸಮುದ್ರ, ಮಳೆ, ಮುಸ್ಸಂಜೆ ತಂದದ್ದನ್ನು ಅಸಲಿ ಹಾಳೆಯಲ್ಲೇ ನೋಡಬೇಕು. ಮುದ್ರಣದಲ್ಲಿ ಅರ್ಧ ಸತ್ತುಹೋಗಿದೆ.

ಅಳತೆ ಕೇಳಿ ನೋಡಿ. ಪತ್ರಿಕೆಯಲ್ಲಿ ಪಟ್ಟಿ ಗೇಣುದ್ದ ಕಂಡಿದ್ದರೂ ಬರೆದದ್ದು ಅದಕ್ಕಿಂತ ಬಹಳ ದೊಡ್ಡದಾಗಿ. 1930, 40ರ ದಶಕದ ಡೈಲಿಗಳು ಎರಡು ಅಡಿಯ ಆಸುಪಾಸು ಅಗಲ ಇರುವುದು ಸಾಮಾನ್ಯ. 70ರ ದಶಕಕ್ಕೆ ಬಂದಾಗ ಪತ್ರಿಕೆಗಳು ಪಟ್ಟಿಗೆ ಕೊಡುವ ಜಾಗ ಕಡಿಮೆ ಮಾಡಿದ್ದವು, ಹಾಳೆಯೂ ಚಿಕ್ಕದಾಯಿತು. ಹಾಲ್ ಫಾಸ್ಟರ್ 1937ರಲ್ಲಿ ಆರಂಭಿಸಿದ ಪ್ರಿನ್ಸ್ ವೇಲಿಯಂಟ್‌ನ ಭಾನುವಾರದ ಹಾಳೆಯನ್ನಂತೂ ಎರಡೂ ಕೈ ಚಾಚಿ ಹಿಡಿಯಬೇಕು. ಮಾರಾಟಗಾರರು ‘1938ರ ಮೂಲಚಿತ್ರ’ ಎಂದು ಹೇಳಿ ಎ-4 ಹಾಳೆ ತೋರಿಸಿದರೆ ಚಹಾ ಕುಡಿದು ಎದ್ದುಬನ್ನಿ.

ಇಷ್ಟೊಂದು ಬರೆದಿದ್ದರೆ ಎಲ್ಲ ಎಲ್ಲಿ ಹೋಯಿತು ಅಂತ ನೀವು ಕೇಳಬಹುದು. ಫ್ಯಾಂಟಮ್ ಡೈಲಿ ಶುರುವಾಗಿದ್ದು 1936ರ ಫೆಬ್ರವರಿ 17ಕ್ಕೆ. ವರ್ಷಕ್ಕೆ ಮುನ್ನೂರು ಚಿಲ್ಲರೆ ಡೈಲಿ ಅಂತ ಲೆಕ್ಕ ಹಾಕಿ, ಎಷ್ಟು ಸಾವಿರ ಹಾಳೆ! ಆಗಿನ ಪದ್ಧತಿಯಲ್ಲಿ ಹಾಳೆ ಹೆಚ್ಚಾಗಿ ಸಿಂಡಿಕೇಟ್‌ನ ಸೊತ್ತು. ಫೋಟೊ ತೆಗೆದಾದ ಮೇಲೆ ಅದು ಜಾಗ ತಿನ್ನುವ ರದ್ದಿ. ಎಷ್ಟೋ ನಾಶವಾದವು. ಕೆಲವು ಕಲಾವಿದರಿಗೆ ವಾಪಸ್ ಬಂದವು. ಅಭಿಮಾನಿ ಒಂದು ಕಾಗದ ಬರೆದು ಕೇಳಿದರೆ ಪುಕ್ಕಟೆ ಕಳಿಸಿಕೊಡುತ್ತಿದ್ದರು. ಇವತ್ತು ಹರಾಜಿನಲ್ಲಿ ಬರುವ ಎಷ್ಟೋ ಪಟ್ಟಿಗಳ ಅಂಚಿನಲ್ಲಿ ಯಾವುದೋ ಹುಡುಗನ ಹೆಸರಿಗೆ ಶುಭಾಶಯ ಇರುವುದು ಅದಕ್ಕೇ.

ಬೆಲೆ ಅರಿತು ಉಳಿಸಿದವರೂ ಇದ್ದಾರೆ. ಟೆರ್ರಿ ಆ್ಯಂಡ್ ದಿ ಪೈರೇಟ್ಸ್, ಸ್ಟೀವ್ ಕ್ಯಾನ್ಯನ್ ಬರೆದ ಮಿಲ್ಟನ್ ಕ್ಯಾನಿಫ್ ತನ್ನ ಹಾಳೆ, ಕಾಗದಪತ್ರ ಎಲ್ಲವನ್ನೂ ತಾನು ಓದಿದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟ. 1977ರಲ್ಲಿ ಅದರಿಂದಲೇ ಅಲ್ಲಿ ಒಂದು ಗ್ರಂಥಾಲಯ ಹುಟ್ಟಿತು. ಈಗ ಅದಕ್ಕೆ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಎಂದು ಹೆಸರು. ಫಾಸ್ಟರ್‌ನ ಹಾಳೆಗಳ ದೊಡ್ಡ ಸಂಗ್ರಹ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿದೆ. ಮಕ್ಕಳು ಆ ಕಡೆ ಕೆಲಸದಲ್ಲಿದ್ದರೆ ಒಮ್ಮೆ ನೋಡಿಬನ್ನಿ. ಇಲ್ಲೇ ಬೇಕೆಂದರೆ ಬೆಂಗಳೂರಿನ ಎಂ.ಜಿ. ರಸ್ತೆಯ ಬಳಿ, ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್‌ನ ಗ್ಯಾಲರಿ ಇದೆ. ಅಲ್ಲಿರುವುದು ವ್ಯಂಗ್ಯಚಿತ್ರಗಳು, ಸಾಹಸದ ಪಟ್ಟಿಗಳಲ್ಲ. ಆದರೂ ಕಾಗದದ ಮೇಲೆ ಕೂತ ನಿಜವಾದ ಶಾಯಿ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸ ಆಗಲು ಮೂಲಚಿತ್ರಗಳ ಪ್ರದರ್ಶನ ಯಾವುದಾದರೂ ಆದೀತು.

ಇನ್ನು ಸಹಿ. ಸಹಿ ನೋಡಿ ದುಡ್ಡು ಕೊಡುವುದು ಈ ಹವ್ಯಾಸದ ಹಳೇ ಗುಂಡಿ. ತಂದೆಯಿಂದ ಮಗನಿಗೆ ಇಳಿಯುವ ಫ್ಯಾಂಟಮ್ ವಂಶದ ಹಾಗೆ ಅವನನ್ನು ಬರೆದವರದೂ ಒಂದು ವಂಶಾವಳಿ. ರೇ ಮೂರ್ ಮೊದಲಿಗ. 1942ರಲ್ಲಿ ಅವನು ಯುದ್ಧಕ್ಕೆ ಹೋದಾಗ ಸಹಾಯಕನಾಗಿದ್ದ ವಿಲ್ಸನ್ ಮೆಕಾಯ್ ಕೈಗೆ ಕೆಲಸ ಬಂತು. ಮೆಕಾಯ್ 1961ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಆಮೇಲೆ ಸೈ ಬ್ಯಾರಿ, 1994ರವರೆಗೆ. ಬ್ಯಾರಿ ಒಬ್ಬನೇ ಕೂತು ಮೂವತ್ತಕ್ಕೂ ಹೆಚ್ಚು ವರ್ಷ ಎಲ್ಲವನ್ನೂ ಬರೆದ ಅಂದುಕೊಳ್ಳಬೇಡಿ. ಅವನ ಬಳಿ ಸಹಾಯಕರ ಬಳಗವೇ ಇತ್ತು. ಜಾರ್ಜ್ ಓಲೆಸೆನ್ ವರ್ಷಗಟ್ಟಲೆ ಪೆನ್ಸಿಲ್ ಕೆಲಸ ಮಾಡಿದ್ದಾನೆ, ಜೋ ಜಿಯೆಲ್ಲಾ ಶಾಯಿ ಹಾಕಿದ್ದಾನೆ. ಹಾಳೆಯ ಮೂಲೆಯಲ್ಲಿ ಮಾತ್ರ ಬ್ಯಾರಿ ಹೆಸರು. ಇದು ಮೋಸವಲ್ಲ, ಆಗಿನ ಕೆಲಸದ ರೀತಿ. ಅವನ ಅಣ್ಣ ಡ್ಯಾನ್ ಬ್ಯಾರಿಯ ಫ್ಲ್ಯಾಶ್ ಗಾರ್ಡನ್ ಡೈಲಿಯಲ್ಲೂ ಹಲವರ ಕೈ ಇದೆ. ಹಾಗಾಗಿ ನಿಮ್ಮ 70ರ ದಶಕದ ಪಟ್ಟಿಯನ್ನು ‘ಸೈ ಬ್ಯಾರಿ ಸ್ಟುಡಿಯೊದ ಕೆಲಸ’ ಎಂದುಕೊಂಡು ಕೊಳ್ಳಿ. ಆಗ ಬೆಲೆಯೂ ಸರಿಯಾಗಿ ಕಾಣುತ್ತದೆ.

ನನ್ನನ್ನು ಕೇಳಿದರೆ ಮೆಕಾಯ್ ಬಗ್ಗೆ ಜನರಿಗೆ ಅನ್ಯಾಯದ ಅಸಡ್ಡೆ ಇದೆ. ಮೂರ್‌ನ ನೆರಳು, ನಿಗೂಢತೆ ಅವನಲ್ಲಿಲ್ಲ, ಬ್ಯಾರಿಯ ಮೈಕಟ್ಟೂ ಇಲ್ಲ. ಆದರೆ ನಾಲ್ಕೇ ಗೆರೆಯಲ್ಲಿ ಕತೆ ಓಡಿಸುತ್ತಾನೆ. ಸುಮ್ನೆ ಒಂದು ಕುದುರೆ, ಒಂದು ಮರ, ಒಂದು ತಲೆಬುರುಡೆ ಗವಿ, ಮುಗಿಯಿತು. ಇಂದ್ರಜಾಲದ ಮೊದಲ ವರ್ಷಗಳಲ್ಲಿ ನಮ್ಮಲ್ಲಿ ಎಷ್ಟೋ ಜನ ನೋಡಿದ ಫ್ಯಾಂಟಮ್ ಅವನದೇ. ನಮ್ಮ ಬಾಲ್ಯದ ಮೇಲೆ ಅವನ ಸಾಲ ಇದೆ.

ಬೆಲೆ ವಿಷಯ. ಮೂರ್ ಹಾಳೆಗಳು ಅಪರೂಪ. ಸಾವಿರಾರು ಡಾಲರ್ ಕೊಟ್ಟು ಕೊಳ್ಳಲು ಸ್ವೀಡನ್, ಆಸ್ಟ್ರೇಲಿಯಾದಲ್ಲೂ ಫ್ಯಾಂಟಮ್ ಹುಚ್ಚರು ಕಾದಿರುತ್ತಾರೆ. ಅಂಥದ್ದು ಫ್ರೇಮ್ ಸಮೇತ 90 ಸಾವಿರಕ್ಕೆ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಬ್ಯಾರಿ ಕಾಲದ ಸಾಮಾನ್ಯ ಡೈಲಿ ನೂರಾರು ಡಾಲರ್ ಮಟ್ಟದ್ದು, ಹಾಗಾಗಿ 55 ಸಾವಿರ ಹುಚ್ಚು ಬೆಲೆಯೇನಲ್ಲ. ಆದರೆ ಚೌಕಾಸಿ ಮಾಡಿ. ಎಷ್ಟು ಬಿಡಿಸಬಹುದು ಎನ್ನುವುದು ಆ ಪಟ್ಟಿಯಲ್ಲಿ ಏನಿದೆ ಎನ್ನುವುದರ ಮೇಲೆ. ಮುಖವಾಡ ತೊಟ್ಟ ಫ್ಯಾಂಟಮ್ ಪ್ರತಿ ಚೌಕದಲ್ಲೂ ಇದ್ದರೆ ಒಂದು ಬೆಲೆ. ಕೋಟು ಟೋಪಿ ಹಾಕಿ, ಊರಿಗೆ ಬರುವಾಗಿನ ಹೆಸರಾದ ಮಿಸ್ಟರ್ ವಾಕರ್ ಆಗಿ ವಿಮಾನ ನಿಲ್ದಾಣದಲ್ಲಿ ನಿಂತಿದ್ದರೆ ಇನ್ನೊಂದು. ಇಬ್ಬರು ಅಧಿಕಾರಿಗಳು ಮೇಜಿನ ಎದುರು ಕೂತು ಮಾತಾಡುತ್ತಿದ್ದರೆ ಅರ್ಧವೂ ಬೇಡ. ಅವನ ಪ್ರೇಯಸಿ ಡಯಾನಾ, ಗೆಳೆಯ ಗುರ್ರನ್, ತೋಳ ಡೆವಿಲ್, ಕುದುರೆ ಹೀರೊ ಇದ್ದರೆ ಸ್ವಲ್ಪ ಏರುತ್ತದೆ. 1977ರ ಫ್ಯಾಂಟಮ್ ಡಯಾನಾ ಮದುವೆಯ ಕತೆಯ ಹಾಳೆ ಅಂದರೆ ಕೇಳುವವರು ಜಾಸ್ತಿ. ಅಲೆಕ್ಸ್ ರೇಮಂಡ್ 1930ರ ದಶಕದಲ್ಲಿ ಬರೆದ ಫ್ಲ್ಯಾಶ್ ಗಾರ್ಡನ್‌ನ ಒಳ್ಳೆಯ ಭಾನುವಾರದ ಹಾಳೆಗಳು ಹರಾಜಿನಲ್ಲಿ ಲಕ್ಷ ಡಾಲರ್ ದಾಟಿವೆ. ಅದು ನಮ್ಮ ನಿಮ್ಮ ಮಾತಲ್ಲ ಬಿಡಿ.

ಕಡಿಮೆ ದುಡ್ಡಿಗೆ ಒಳ್ಳೆಯ ಕೈಗೆಲಸ ಬೇಕೆಂದರೆ ಒಂದು ಉಪಾಯ ಹೇಳುತ್ತೇನೆ. ಹೆಸರು ಬಿಟ್ಟು ಗೆರೆ ನೋಡಿ. ರೇಮಂಡ್ 1956ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಅವನ ಪತ್ತೇದಾರಿ ಪಟ್ಟಿ ರಿಪ್ ಕರ್ಬಿಯನ್ನು ಜಾನ್ ಪ್ರೆಂಟಿಸ್ 1999ರವರೆಗೆ ಬರೆದ. ಏನು ಶಾಯಿ ಕೆಲಸ ಅಂತೀರಿ! ಇಂದ್ರಜಾಲದಲ್ಲಿ ರಿಪ್ ಕರ್ಬಿ ಓದಿದವರಿಗೆ ಆ ಮುಖಗಳು ಗೊತ್ತು. ಮಾಂಡ್ರೇಕ್‌ನಲ್ಲೂ ಹೀಗೆಯೇ. 1934ರಿಂದ ಬರೆದ ಫಿಲ್ ಡೇವಿಸ್‌ನ ಹಾಳೆಗೆ ಇರುವ ಪೈಪೋಟಿ ಅವನ ನಂತರದ ಫ್ರೆಡ್ ಫ್ರೆಡರಿಕ್ಸ್ ಹಾಳೆಗಿಲ್ಲ. ಫ್ರೆಡರಿಕ್ಸ್ 1965ರಿಂದ ಸುಮಾರು ಅರ್ಧ ಶತಮಾನ ಬರೆದಿದ್ದಾನೆ, ಹಾಗಾಗಿ ಸಿಗುವುದೂ ಸುಲಭ.

ಅಸಲಿಯೋ ಅಲ್ಲವೋ ಎಂದು ನೀವೇ ನೋಡಲು ಮೂರು ಸಾಮಾನು ಸಾಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂದರೆ ಚಿನ್ನದ ಅಂಗಡಿಯವರು ಕಣ್ಣಿಗಿಡುವಂಥದ್ದು. ಒಂದು ಟಾರ್ಚ್. ನೋಟು ಪರೀಕ್ಷೆ ಮಾಡುವ ನೇರಳೆ ಬೆಳಕಿನ ಸಣ್ಣ ಟಾರ್ಚ್ ಇನ್ನೊಂದು.

ಭೂತಗನ್ನಡಿಯಲ್ಲಿ ಕಪ್ಪು ತುಂಬಿದ ಜಾಗ ನೋಡಿ. ಬ್ರಷ್ಷಿನ ಶಾಯಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಓರೆ ಬೆಳಕಲ್ಲಿ ಸ್ವಲ್ಪ ಹೊಳಪು. ಕಪ್ಪೆಲ್ಲ ಸಮತಟ್ಟಾಗಿದ್ದರೆ ಅದು ಮುದ್ರಣ. ಸಣ್ಣ ಸಣ್ಣ ಬಣ್ಣದ ಚುಕ್ಕಿ ಕಂಡರೆ ಈಗಿನ ಪ್ರಿಂಟರಿನದು. ಟಾರ್ಚನ್ನು ಹಾಳೆಯ ಪಕ್ಕದಲ್ಲಿ ಮಲಗಿಸಿ ಹಿಡಿದರೆ ಪೆನ್ಸಿಲ್ ಒತ್ತಿದ ತಗ್ಗು, ಅಂಟಿಸಿದ ಚೀಟಿಯ ಅಂಚು, ಬಿಳಿ ಬಣ್ಣದ ಉಬ್ಬು ಎಲ್ಲ ಎದ್ದು ಕಾಣುತ್ತದೆ. ನೇರಳೆ ಟಾರ್ಚು ಬೇಕಾಗುವುದು ಹಳೆಯದೆಂದು ಹೇಳುವ ಹಾಳೆಗೆ. ಕಾಗದವನ್ನು ಬೆಳ್ಳಗೆ ಮಾಡುವ ಹೊಳಪಿನ ರಾಸಾಯನಿಕಗಳು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. 1938ರದ್ದೆಂದು ಹೇಳುವ ಕಾಗದ ಆ ಬೆಳಕಿನಲ್ಲಿ ಮದುವೆ ಪಂಚೆಯ ಹಾಗೆ ನೀಲಿಯಾಗಿ ಬೆಳಗಿದರೆ ಅನುಮಾನ ಪಡಿ. 70ರ ದಶಕದ ಹಾಳೆ ಬೆಳಗಿದರೆ ಅದರಲ್ಲಿ ವಿಶೇಷವಿಲ್ಲ.

ಗಾಜಿನ ಕೆಳಗೆ ಬಲ್ಬ್ ಇಟ್ಟು ಗೆರೆ ಗೆರೆ ನಕಲು ತೆಗೆಯುವವರಿದ್ದಾರೆ. ಅಂಥದ್ದನ್ನು ಮುದ್ರಿತ ಪಟ್ಟಿಗೆ ಹೋಲಿಸಿದರೆ ಕರಾರುವಾಕ್ಕಾಗಿ ಹೊಂದುತ್ತದೆ. ಹೊಂದಿತು ಎಂಬುದೇ ಸಾಕ್ಷಿಯಲ್ಲ. ಗೆರೆಯ ಓಟ ನೋಡಬೇಕು. ಗೊತ್ತಿದ್ದವನ ಬ್ರಷ್ ತೆಳ್ಳಗೆ ಶುರುವಾಗಿ ದಪ್ಪಗಾಗಿ ಮತ್ತೆ ತೆಳ್ಳಗೆ ಒಂದೇ ಉಸಿರಿಗೆ ಹೋಗುತ್ತದೆ. ನಕಲು ಮಾಡುವವನದು ನಡುವೆ ನಿಂತು ನಿಂತು ಹೋಗುತ್ತದೆ, ಹೆದರಿಕೊಂಡ ಗೆರೆ.

ಪ್ರೂಫ್ ಹಾಳೆ ಇನ್ನೊಂದು ಮಾಯೆ. ಪತ್ರಿಕೆಗಳಿಗೆ ಕಳಿಸಲು ಸಿಂಡಿಕೇಟ್‌ನವರು ಪಟ್ಟಿಗಳನ್ನು ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು, ಹಲವು ಸಲ ಒಂದು ವಾರದ್ದು ಒಟ್ಟಿಗೆ. ಹಳೆಯದು, ಅಧಿಕೃತ, ಗೆರೆ ಬಲು ಚೂಪು. ಆದರೂ ಮುದ್ರಣವೇ. ನಾನು ಈ ಹವ್ಯಾಸಕ್ಕೆ ಬಿದ್ದ ಹೊಸತರಲ್ಲಿ ವಾರದ ಹಾಳೆಯಿಂದ ಕತ್ತರಿಸಿದ ಒಂದು ಪ್ರೂಫ್ ಪಟ್ಟಿಗೆ ಮೂಲಚಿತ್ರದ ಬೆಲೆ ತೆತ್ತೆ. ಮನೆಗೆ ತಂದು ಓರೆ ಬೆಳಕಲ್ಲಿ ನೋಡಿದರೆ ಪೆನ್ಸಿಲ್ ಇಲ್ಲ, ಬಿಳಿ ಇಲ್ಲ, ಅಂಟೂ ಇಲ್ಲ. ‘ಎಷ್ಟು ಶುದ್ಧವಾಗಿದೆ’ ಅಂತಲೇ ಕೊಂಡಿದ್ದೆ, ನಿಮ್ಮ ಹಾಗೆಯೇ. ಆ ಪಟ್ಟಿ ಈಗಲೂ ನನ್ನ ಮೇಜಿನ ಎದುರೇ ಇದೆ.

ತಾರೀಖು ಹುಡುಕಿಕೊಳ್ಳಿ. ಡೈಲಿಯ ಮೇಲೆ ಚೌಕದೊಳಗೋ ಎರಡು ಚೌಕದ ನಡುವೆಯೋ 8-21 ಎಂಬ ರೀತಿ ಬರೆದಿರುತ್ತಾರೆ. ಅಮೆರಿಕದ ಲೆಕ್ಕ, ಮೊದಲು ತಿಂಗಳು, ಆಮೇಲೆ ದಿನ. ವರ್ಷ ಕಾಪಿರೈಟ್ ಚೀಟಿಯಲ್ಲಿ. ತಾರೀಖು ಸಿಕ್ಕಿದರೆ ಹರ್ಮಿಸ್ ಪ್ರೆಸ್ ತಂದಿರುವ ಫ್ಯಾಂಟಮ್ ಸಂಪುಟಗಳಲ್ಲೋ, ಕಿಂಗ್ ಫೀಚರ್ಸ್‌ನವರದೇ ಕಾಮಿಕ್ಸ್ ಕಿಂಗ್‌ಡಮ್ ತಾಣದಲ್ಲೋ ಅಚ್ಚಾದ ರೂಪ ಹುಡುಕಬಹುದು. ನಿಮ್ಮ ಟ್ರಂಕನ್ನೂ ತೆರೆಯಿರಿ. ಇಂದ್ರಜಾಲದವರು ಪಟ್ಟಿಗಳನ್ನು ಪುಸ್ತಕದ ಪುಟಕ್ಕೆ ಹೊಂದಿಸಲು ಚೌಕಗಳ ಅಂಚು ಕತ್ತರಿಸಿದ್ದಾರೆ, ಕೆಲವನ್ನು ಬಿಟ್ಟೇಬಿಟ್ಟಿದ್ದಾರೆ. ನೀವು ಐವತ್ತು ವರ್ಷದಿಂದ ನೋಡಿಕೊಂಡು ಬಂದ ಚೌಕದ ಪಕ್ಕದಲ್ಲಿ ಇನ್ನೊಂದು ಮರ, ಇನ್ನೊಬ್ಬ ಮನುಷ್ಯ ನಿಂತಿದ್ದಾನೆ ಎಂದು ಗೊತ್ತಾಗುವಾಗಿನ ರೋಮಾಂಚ ಬೇರೆಯೇ.

ಮುಂದೆ ವಿದೇಶದ ಹರಾಜಿನಲ್ಲಿ ಕೂಗುವ ಮನಸ್ಸಾದರೆ ಒಂದು ಲೆಕ್ಕ ಮೊದಲೇ ಹಾಕಿ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಸುಮಾರು ಐದನೇ ಒಂದು ಭಾಗ, ಅದರ ಮೇಲೆ ಸಾಗಣೆ, ವಿಮೆ, ಇಲ್ಲಿಗೆ ಬಂದಾಗ ಕಸ್ಟಮ್ಸ್ ಸುಂಕ ಮತ್ತು ಐಜಿಎಸ್‌ಟಿ. ಕೈಯಲ್ಲಿ ಬರೆದ ಮೂಲಚಿತ್ರಕ್ಕೂ ಮುದ್ರಿತ ವಸ್ತುವಿಗೂ ಸುಂಕದ ವರ್ಗ ಬೇರೆ, ಹಾಗಾಗಿ ಬಿಲ್ಲಿನಲ್ಲಿ ಸರಿಯಾಗಿ ಬರೆಸಿ. ಹಾಳೆ ನಿಮ್ಮದಾದ ಮಾತ್ರಕ್ಕೆ ಅದರ ಹಕ್ಕು ನಿಮ್ಮದಾಗುವುದಿಲ್ಲ. ಗೋಡೆಗೆ ಹಾಕಿ, ನೆಂಟರಿಗೆ ತೋರಿಸಿ. ಟೀ ಶರ್ಟ್ ಮೇಲೆ ಅಚ್ಚು ಹಾಕಿ ಮಾರುವಂತಿಲ್ಲ.

ಕಾಪಾಡುವುದು. ನೀವು ಮಲೆನಾಡಿನ ಬಾಗಿಲಲ್ಲಿ ಇದ್ದೀರಿ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಇಂಡಿಯಾ ಇಂಕ್ ಇಂಗಾಲದ ಶಾಯಿ, ಗಟ್ಟಿ, ಬೇಗ ಮಾಸುವುದಿಲ್ಲ. ಬ್ರಿಸ್ಟಲ್ ಬೋರ್ಡ್ ಕೂಡ ಪತ್ರಿಕೆ ಕಾಗದದ ಹಾಗೆ ಪುಡಿಯಾಗುವಂಥದ್ದಲ್ಲ. ಬೇಗ ಸಾಯುವುದು ಜಿಪಟೋನ್, ಅಂಟು, ಮಾರ್ಕರ್ ಪೆನ್ನಿನ ಕಪ್ಪು. ಮಾರ್ಕರ್‌ನಲ್ಲಿ ತುಂಬಿದ ಕಪ್ಪು ಬಿಸಿಲಿಗೆ ಕಂದಾಗುತ್ತದೆ. ಆದ್ದರಿಂದ ಬಿಸಿಲು ಬೀಳುವ ಗೋಡೆ ಬೇಡ. ಮಳೆಗಾಲದಲ್ಲಿ ಹೊರಗಿನಿಂದ ನೆನೆಯುವ ಗೋಡೆಯಂತೂ ಬೇಡವೇ ಬೇಡ. ಒಳಗಿನ ಗೋಡೆ ನೋಡಿ. ಗಾಜಿಗೂ ಚಿತ್ರಕ್ಕೂ ನಡುವೆ ಅಂತರ ಇರಲೇಬೇಕು, ಇಲ್ಲದಿದ್ದರೆ ಜುಲೈ ತಿಂಗಳ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಳ್ಳುತ್ತದೆ. ಆಮ್ಲ ಇಲ್ಲದ ಮೌಂಟ್ ಬೋರ್ಡ್ ಕೇಳಿ ಹಾಕಿಸಿ.

ಫ್ರೇಮ್ ಅಂಗಡಿಯಲ್ಲಿ ಎದುರೇ ನಿಂತು ಕೆಲಸ ಮಾಡಿಸಿ. ನನ್ನದೊಂದು ಹಾಳೆಯನ್ನು ಅಂಗಡಿಯವರು ‘ಸುಕ್ಕು ಹೋಗಲಿ ಸಾರ್’ ಎಂದು ಪ್ರೀತಿಯಿಂದಲೇ ಫೆವಿಕಾಲ್ ಸವರಿ ಪ್ಲೈವುಡ್‌ಗೆ ಅಂಟಿಸಿಬಿಟ್ಟರು. ಹಿಂಬದಿಯಲ್ಲಿದ್ದ ಸಿಂಡಿಕೇಟ್ ಮುದ್ರೆ, ಯಾರೋ ಪೆನ್ಸಿಲ್‌ನಲ್ಲಿ ಬರೆದ ಲೆಕ್ಕ ಎಲ್ಲ ಪ್ಲೈವುಡ್ ಪಾಲಾಯಿತು. ಲ್ಯಾಮಿನೇಷನ್ ಎಂಬ ಮಾತು ಬಂದರೆ ಹಾಳೆ ಕಿತ್ತುಕೊಂಡು ಓಡಿ. ಕಾಗದದ ಸಣ್ಣ ಕೀಲುಗಳಿಂದ ಮೇಲಂಚಿನಲ್ಲಿ ಮಾತ್ರ ಹಿಡಿಸಿ, ಉಳಿದದ್ದು ಇಳಿಬಿದ್ದಿರಲಿ. ಫ್ರೇಮ್ ಬೇಡ ಅಂದರೆ ಪಾಲಿಯೆಸ್ಟರ್ ಲಕೋಟೆಯಲ್ಲಿ, ಗಟ್ಟಿ ಬೋರ್ಡಿನ ಜೊತೆ, ಮಲಗಿಸಿ ಇಡಿ. ಹತ್ತಿರ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಮಳೆಗಾಲದಲ್ಲಿ ಬದಲಿಸುತ್ತಿರಿ. ನುಸಿಗುಳಿಗೆ ಹಾಳೆಗೆ ತಾಕಬಾರದು. ತಿಂಗಳಿಗೊಮ್ಮೆ ತೆಗೆದು ನೋಡುವುದೇ ಬೂಸ್ಟು, ಗೆದ್ದಲು, ಸಿಲ್ವರ್‌ಫಿಶ್ ಮೂರಕ್ಕೂ ಒಳ್ಳೆಯ ಮದ್ದು. ಬಿದ್ದುಹೋದ ಚೀಟಿಯನ್ನು ಸೆಲ್ಲೋಟೇಪ್ ಹಾಕಿ ಅಂಟಿಸಬೇಡಿ. ಅದೇ ಲಕೋಟೆಯಲ್ಲಿ ಜೊತೆಗಿಡಿ. ಬಿಳಿ ತೇಪೆಯನ್ನು ಕೆರೆಯುವುದು, ಹಳದಿ ಕಲೆಗೆ ಬ್ಲೀಚ್ ಹಚ್ಚುವುದು ಇಂಥ ಸಾಹಸ ಫ್ಯಾಂಟಮ್‌ಗೇ ಬಿಡಿ.

ಈಗ ಮಾರಾಟಗಾರರಿಗೆ ಫೋನ್ ಮಾಡಿ, ಮೊದಲನೆಯ ಪಟ್ಟಿಯ ನಾಲ್ಕು ಫೋಟೊ ಕೇಳಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಇಡೀ ಹಾಳೆ. ಕಪ್ಪು ತುಂಬಿದ ಜಾಗದ ಹತ್ತಿರದ ಚಿತ್ರ. ಟಾರ್ಚನ್ನು ಪಕ್ಕದಿಂದ ಹಿಡಿದು ಬಿಳಿ ತೇಪೆಯ ಚಿತ್ರ. ಕೊನೆಯದು ಹಿಂಬದಿ. ಯಾರಿಂದ ಕೊಂಡರು, ಯಾವಾಗ, ಹಳೆಯ ಬಿಲ್ಲು ಇದೆಯೇ ಅದನ್ನೂ ಕೇಳಿ. ಹಿಂಬದಿಯ ಫೋಟೊ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ. ಕೊಟ್ಟರೆ, ತಾರೀಖು ಕಾಣುವ ಚಿತ್ರವನ್ನು ನನಗೂ ಕಳಿಸಿ. ಯಾವ ಕತೆಯ ಪಟ್ಟಿ ಅಂತ ಹುಡುಕೋಣ. ನಿಮ್ಮ ಟ್ರಂಕಿನಲ್ಲೇ ಇದ್ದರೂ ಇದ್ದೀತು.